ದುಭಾಷಿ ಸೇರಿಸಿದ ಮಾತು

ಆ ಊರಿನ ಕೋರ್ಟಿನಲ್ಲಿ ದುಭಾಷಿಗೆ ಎಲ್ಲರೂ ಇಟ್ಟಿದ್ದ ಹೆಸರು ಎರಡ್ನಾಲಿಗೆ. ಪ್ರೀತಿಯಿಂದಲೇ ಇಟ್ಟದ್ದು. ದೇಶಕ್ಕೆ ಎರಡು ಭಾಷೆ, ಊರಿನ ನಡುವೆ ರೈಲು ಹಳಿ. ಹಳಿಯ ಈಚೆಯವರದು ಒಂದು ಭಾಷೆ, ಆಚೆಯವರದು ಇನ್ನೊಂದು. ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುವವನು ಕೋರ್ಟಿನಲ್ಲಿ ಇವನೊಬ್ಬನೇ. ಹುಟ್ಟಿದ್ದು ಈಚೆ. ಅಪ್ಪ ರೈಲ್ವೆ ಗೇಟು ಕಾಯುತ್ತಿದ್ದರಿಂದ ಬೆಳೆದದ್ದು ಮಾತ್ರ ಹಳಿಯ ಮಗ್ಗುಲಲ್ಲಿ, ಆಚೆಯ ಮಕ್ಕಳ ಜೊತೆ ಆಡುತ್ತಾ, ಆಡಿದ್ದಕ್ಕಿಂತ ಹೆಚ್ಚು ಜಗಳವಾಡುತ್ತಾ. ಬೈಗುಳ ಮೊದಲು ಕಲಿತ, ವ್ಯಾಕರಣ ಆಮೇಲೆ ಬಂತು. 'ಎರಡ್ನಾಲಿಗೆ ಸಾರ್ ಬಂದ್ರು' ಎಂದು ಜವಾನ ಕೂಗಿದಾಗಲೆಲ್ಲ ಇಪ್ಪತ್ತೆರಡು ವರ್ಷ ಅವನೂ ಜೊತೆಗೆ ನಕ್ಕಿದ್ದ. ಆ ಹೆಸರಿಗೆ ಇನ್ನೊಂದು ಅರ್ಥವೂ ಇದೆಯಲ್ಲ ಎಂಬುದು ನಾಟಿದ್ದು ಈಚಿನ ಎರಡು ತಿಂಗಳಲ್ಲಿ.

ಕೋರ್ಟ್ ಹಾಲಿನ ಗೋಡೆಯ ಮೇಲೆ 'ನಾವೆಲ್ಲರೂ ಒಂದು' ಎಂದು ಎರಡೂ ಭಾಷೆಯಲ್ಲಿ ಬರೆಸಿದ ದೊಡ್ಡ ಫಲಕ ಇತ್ತು. ಮೇಲಿನ ಸಾಲು ಸರಿ. ಕೆಳಗಿನ ಸಾಲಿನಲ್ಲಿ, ಅಂದರೆ ಆಚೆಯವರ ಭಾಷೆಯಲ್ಲಿ, ಬರೆದವನು ಒಂದಕ್ಷರ ತಪ್ಪಿ 'ನಾವೆಲ್ಲರೂ ಒಂಟಿ' ಎಂದಾಗಿಬಿಟ್ಟಿತ್ತು. ಆಚೆಯವರು ಸಾಕ್ಷಿ ಹೇಳಲು ಬಂದಾಗ ಅದನ್ನು ಓದಿ ಕಣ್ಣಲ್ಲೇ ನಗುತ್ತಿದ್ದರು. ಈಚೆಯವರಿಗೆ ಓದಲು ಬರುತ್ತಿರಲಿಲ್ಲ. ದುಭಾಷಿಗೆ ಬರುತ್ತಿತ್ತು; ಆದರೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸರ್ಕಾರಿ ಕೆಲಸದಲ್ಲಿ ಕೇಳದೆ ಬಾಯಿ ಬಿಡುವವನಿಗೆ ಕೆಲಸ ಜಾಸ್ತಿ ಬೀಳುತ್ತದೆ.

ಹಾಗಂತ ಅವನೇನು ಮೈಗಳ್ಳನಲ್ಲ. ಕಸುಬಿನಲ್ಲಿ ಎತ್ತಿದ ಕೈ. ಆಚೆಯವರು ಮಾತಿನಲ್ಲಿ ಮಹಾ ಜಿಪುಣರು. ಕೊಟ್ಟೆ, ಇಟ್ಟೆ, ಹಾಕಿದೆ ಅನ್ನುತ್ತಾರೆಯೇ ಹೊರತು ಏನನ್ನು ಎಂದು ಬಾಯಿ ಬಿಟ್ಟು ಹೇಳುವುದಿಲ್ಲ. ಎದುರಿಗಿದ್ದವನಿಗೆ ತಾನಾಗಿ ತಿಳಿಯಬೇಕು. ತಿಳಿಯದಿದ್ದರೆ ಅವನೇ ದಡ್ಡ. ಅವರು ಹೀಗೆ ನುಂಗಿದ್ದನ್ನೆಲ್ಲ ಹುಡುಕಿ ತುಂಬಿ, ಈಚೆಯ ಭಾಷೆಯಲ್ಲಿ ದುಂಡಗಿನ ವಾಕ್ಯ ಮಾಡಿ ಒಪ್ಪಿಸುವುದೇ ನಮ್ಮ ದುಭಾಷಿಯ ಕೈಚಳಕ. 'ನೀವಿದ್ರೆ ಕೇಸು ಬೇಗ ಮುಗಿಯುತ್ತೆ ಕಣ್ರೀ' ಎಂದು ಮೂವರು ನ್ಯಾಯಾಧೀಶರು ಬೆನ್ನು ತಟ್ಟಿ ವರ್ಗವಾಗಿ ಹೋಗಿದ್ದರು. ಈಗಿನವರು ನಾಲ್ಕನೆಯವರು.

ಎರಡು ತಿಂಗಳ ಹಿಂದೆ ಊರಲ್ಲಿ ಗಲಾಟೆಯಾಯಿತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ರೈಲು ನಿಲ್ದಾಣದ ಹೊಸ ಹೆಸರು ಹಲಗೆಯಲ್ಲಿ ಯಾರ ಭಾಷೆ ಮೇಲೆ, ಯಾರದು ಕೆಳಗೆ ಅಂತ! ರಾಜಧಾನಿಯಲ್ಲಿ ಹೊತ್ತಿದ್ದು ಊರೂರಿಗೆ ಹಬ್ಬಿತು. ಇಲ್ಲಿ ಎರಡು ದಿನ ಕಲ್ಲು, ದೊಣ್ಣೆ, ಹೊಗೆ. ಈಚೆ ನಾಲ್ಕು ಅಂಗಡಿ ಸುಟ್ಟವು, ಆಚೆ ಮೂರು. ಈಚೆ ಸುಟ್ಟವುಗಳಲ್ಲಿ ಒಂದು, ಹಳಿಗೆ ಹತ್ತಿರದ ಬೀದಿಯ ಬಟನ್ ಅಂಗಡಿ. ಬಟನ್, ದಾರ, ಜಿಪ್ಪು, ಲೇಸು ಮಾರುವ ಪುಟ್ಟ ಅಂಗಡಿ ಅದು. ಒಡತಿ ಐವತ್ತರ ಹೆಂಗಸು, ಈಚೆಯವಳೇ. ಆ ದಿನ ಆಕೆ ಸರಕು ತರಲು ಬೆಳಗಿನ ಬಸ್ಸಿಗೇ ಪಕ್ಕದ ಊರಿಗೆ ಹೋಗಿದ್ದಳು.

ಸಂಜೆ ಅದೇ ಬೀದಿಯ ತುದಿಯಲ್ಲಿ ಪೊಲೀಸರಿಗೆ ಆಚೆಯವನೊಬ್ಬ ಸಿಕ್ಕ. ಮನೆಗಳಿಗೆ ಬಣ್ಣ ಬಳಿಯುವವನು. ಕೈಯಲ್ಲಿ ಎಣ್ಣೆ ಹತ್ತಿದ ಬಟ್ಟೆ ಚೂರು, ಮೈಯೆಲ್ಲ ಟರ್ಪೆಂಟೈನ್ ವಾಸನೆ. ಪೊಲೀಸರಿಗೆ ಇನ್ನೇನು ಬೇಕು? ಮಾರನೆಯ ದಿನವೇ ಅವನನ್ನು ಕಟಕಟೆಗೆ ತಂದು ನಿಲ್ಲಿಸಿದರು.

'ಆ ಸಂಜೆ ಬಟನ್ ಅಂಗಡಿ ಹತ್ತಿರ ಏನ್ ಮಾಡ್ತಿದ್ದೆ?' ಎಂದು ನ್ಯಾಯಾಧೀಶರು ಕೇಳಿದರು. ದುಭಾಷಿ ಅದನ್ನು ಆಚೆಯ ಭಾಷೆಯಲ್ಲಿ ಕೇಳಿದ. ಬಣ್ಣದವನ ಮುಖ ಸ್ವಲ್ಪ ಅರಳಿತು. ತನ್ನ ಮಾತು ಬಲ್ಲವನೊಬ್ಬ ಸಿಕ್ಕಿದನಲ್ಲ ಎಂಬ ನೆಮ್ಮದಿ. ಅವನು ತಮ್ಮ ಜನರ ಜಿಪುಣತನದಲ್ಲೇ ಉತ್ತರ ಕೊಟ್ಟ. 'ಬಾಗಿಲಿಗೆ ಹಚ್ಚಿದೆ. ಕತ್ತಲಾಗೋಕೆ ಮುಂಚೆ ಹೊರಟೆ.'

ಅವರ ಭಾಷೆಯಲ್ಲೂ ನಮ್ಮ ಹಾಗೆಯೇ. ಬಣ್ಣ ಹಚ್ಚುವುದಕ್ಕೂ ಬೆಂಕಿ ಹಚ್ಚುವುದಕ್ಕೂ ಇರುವುದು ಅದೊಂದೇ ಮಾತು. ಏನನ್ನು ಹಚ್ಚಿದೆ ಎಂಬುದನ್ನು ಬಣ್ಣದವನು ನುಂಗಿದ್ದ. ತುಂಬುವ ಕೆಲಸ ದುಭಾಷಿಯದು.

ಹಿಂದಿನ ದಿನವಷ್ಟೇ ಅವನ ಹೆಂಡತಿಯ ತಮ್ಮ ತಲೆಗೆ ಕಲ್ಲು ಬಿದ್ದು ಮೂರು ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಿದ್ದ. ದುಭಾಷಿಯ ಅಂಗಿಗೆ ಇನ್ನೂ ಹೊಗೆಯ ವಾಸನೆ ಇತ್ತು. ಕೋರ್ಟ್ ಹಾಲಿನ ತುಂಬ ಈಚೆಯ ಜನ ಉಸಿರು ಬಿಗಿಹಿಡಿದು ಕೂತಿದ್ದರು. ದುಭಾಷಿ ನ್ಯಾಯಾಧೀಶರ ಕಡೆ ತಿರುಗಿ, ಎಂದಿನ ದುಂಡು ದನಿಯಲ್ಲಿ ಹೇಳಿದ: 'ಬಾಗಿಲಿಗೆ ಬೆಂಕಿ ಹಚ್ಚಿದೆ, ಕತ್ತಲಾಗುವ ಮೊದಲು ಅಲ್ಲಿಂದ ಹೊರಟೆ ಅಂತಾನೆ, ಸ್ವಾಮಿ.'

ಹಾಲಿನಲ್ಲಿ ಗುಲ್ಲೆದ್ದಿತು. ಟೈಪಿಸ್ಟ್ ಟಕಟಕ ಬಡಿದಳು. ಆಗ ದುಭಾಷಿಯ ಕಣ್ಣು ಕಟಕಟೆಯ ಕಂಬಿಯ ಮೇಲಿದ್ದ ಬಣ್ಣದವನ ಬೆರಳುಗಳ ಮೇಲಿತ್ತು. ಉಗುರು ಸಂದಿಯಲ್ಲಿ ಒಣಗಿದ ಹಸಿರು. ಅದನ್ನು ನೋಡಿದ್ದು ಹೇಳಿದ ಮೇಲೆ ಎಂದು ಅವನು ತನಗೆ ತಾನೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡ. ಅಲ್ಲ. ನೋಡಿದ್ದು ಹೇಳುವುದಕ್ಕೆ ಮುಂಚೆ.

ಇನ್ನೊಂದು ಇದೆ, ಇದು ಅದಕ್ಕಿಂತ ಕೆಟ್ಟದ್ದು. ಬರೆದುಕೊಂಡ ಹೇಳಿಕೆಯನ್ನು ಆರೋಪಿಗೆ ಅವನ ಭಾಷೆಯಲ್ಲಿ ಓದಿ ಹೇಳಿ ಸಹಿ ಹಾಕಿಸಬೇಕು, ಅದು ನಿಯಮ. ದುಭಾಷಿ ಕಾಗದ ಹಿಡಿದು ಓದಿದ. 'ಬೆಂಕಿ' ಎಂಬ ಪದ ಕಣ್ಣಿಗೆ ಕಾಣುತ್ತಿತ್ತು, ನಾಲಿಗೆಗೆ ಬರಲಿಲ್ಲ. 'ಬಾಗಿಲಿಗೆ ಹಚ್ಚಿದೆ, ಹೊರಟೆ' ಎಂದು ಅವರ ಧಾಟಿಯಲ್ಲೇ ಓದಿದ. 'ಹೌದು ಸಾರ್, ಅಷ್ಟೇ' ಎಂದ ಬಣ್ಣದವನು, ಕೃತಜ್ಞತೆಯಿಂದ ಸಹಿ ಹಾಕಿದ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ನುಂಗುವುದಕ್ಕೆ ಮರೆವು ಎನ್ನುವುದಿಲ್ಲ. ಅದಕ್ಕೆ ಬೇರೆ ಹೆಸರಿದೆ.

ಆ ಸಂಜೆ ಬಾಮೈದ ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದ. 'ಭಾವ, ಭೇಷ್! ಒಂದೇ ಮಾತಲ್ಲಿ ಅವನ ಬಾಯಿಂದಾನೇ ಕಕ್ಕಿಸಿಬಿಟ್ರಂತೆ. ಬೀದೀಲೆಲ್ಲ ನಿಮ್ಮದೇ ಮಾತು.'

'ನಾನೇನ್ ಮಾಡ್ದೆ? ಅವನು ಹೇಳ್ದ, ನಾನು ತಿರುಗಿಸಿ ಹೇಳ್ದೆ.'

'ಅಯ್ಯೋ, ನಿಮ್ಮದೊಂದು ದೊಡ್ಡಸ್ತಿಕೆ' ಎಂದು ಹೆಂಡತಿ ನಗುತ್ತಾ ತಟ್ಟೆಗೆ ಇನ್ನಷ್ಟು ಬಡಿಸಿದಳು. ಅವನು ತಟ್ಟೆ ಸರಿಸಿದ. ಹೊಟ್ಟೆ ಸರಿಯಿಲ್ಲ ಎಂದು ಎದ್ದುಬಿಟ್ಟ. ಅಂದಿನಿಂದ ಆ ಮನೆಯಲ್ಲಿ ಅವನ ಹೊಟ್ಟೆ ಸರಿಯಾಗಲೇ ಇಲ್ಲ.

ಹೋಗಿ ನಿಜ ಹೇಳಿಬಿಡೋಣ ಎಂದು ಮೂರು ಸಲ ನ್ಯಾಯಾಧೀಶರ ಕೊಠಡಿಯ ಬಾಗಿಲವರೆಗೆ ಹೋದ. ಒಂದು ಸಲ ಒಳಗೆ ಯಾರೋ ಇದ್ದರು. ಇನ್ನೊಂದು ಸಲ ಅವರು ಊಟಕ್ಕೆ ಕೂತಿದ್ದರು. ಮೂರನೆಯ ಸಲ ಒಬ್ಬರೇ ಇದ್ದರು, 'ಏನ್ರೀ?' ಎಂದು ತಾವಾಗಿಯೇ ಕೇಳಿದರು. ದುಭಾಷಿ ರಜೆಯ ಅರ್ಜಿಯ ವಿಷಯ ಮಾತಾಡಿ ಬಂದ. ಬಣ್ಣದವನಿಗೆ ಕೊಟ್ಟಿದ್ದ ವಕೀಲರಿಗೆ ಆಚೆಯ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಗಲಾಟೆಗೆ ಹಿಡಿದಿದ್ದಾರೆ ಎಂದಷ್ಟೇ ತಿಳಿದು 'ನಾನಲ್ಲ, ನಾನಲ್ಲ' ಎಂದು ಅವನು ಜೈಲಿನಲ್ಲಿ ಕೈಸನ್ನೆಯಿಂದ ಹೇಳಿದ್ದನ್ನು, ಎಲ್ಲ ಆರೋಪಿಗಳೂ ಹೇಳುವುದು ಅದನ್ನೇ ಎಂದು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಎರಡು ತಿಂಗಳು ಕಳೆಯಿತು.

ವಿಚಾರಣೆಗೆ ಮೂರು ದಿನ ಇದೆ ಎನ್ನುವಾಗ, ಭಾನುವಾರ ಮಧ್ಯಾಹ್ನ, ಬಟನ್ ಅಂಗಡಿಯಾಕೆ ದುಭಾಷಿಯ ಮನೆಗೆ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ಹೆಂಡತಿ ಕೊಟ್ಟ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕುಡಿಯಲಿಲ್ಲ.

'ಅಣ್ಣಾ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಆ ಬಣ್ಣದವನ್ನ ಕೆಲಸಕ್ಕೆ ಕರೆದಿದ್ದೇ ನಾನು. ಬಾಗಿಲಿಗೆ ಹಸಿರು ಬಣ್ಣ ಬಳಿ ಅಂತ ಕೈಸನ್ನೇಲಿ ಹೇಳಿ ಬಸ್ಸು ಹತ್ತಿದ್ದೆ. ಪೊಲೀಸ್ನೋರಿಗೂ ಅದನ್ನೇ ಹೇಳ್ದೆ. ಅಂಗಡಿ ಪರಿಚಯ ಇದ್ದೋನೇ ಅಂತ ಬರ್ಕೊಂಡ್ರು, ಅಷ್ಟೇ.'

ದುಭಾಷಿ ಕಿಟಕಿಯ ಕಡೆ ನೋಡಿದ.

'ಅವನು ಅಂಥೋನಲ್ಲ ಅಂತ ನಮ್ಮ ಬೀದಿಯವರ ಜೊತೆ ನಾನು ಜಗಳಾನೇ ಆಡಿದೀನಿ. ಸುಟ್ಟಿದ್ದು ನಿನ್ನ ಅಂಗಡಿ, ನೀನೇ ಅವರ ಪರ ಮಾತಾಡ್ತೀಯಲ್ಲ, ನಾಚಿಕೆ ಆಗಲ್ವಾ ಅಂತಾರೆ. ನನಗೆ ಬೇಕಿರೋದು ನನ್ನ ಅಂಗಡಿ ಸುಟ್ಟೋನು. ಆಚೆಯೋನು ಯಾರೋ ಒಬ್ಬ ಸಿಕ್ಕಿದ್ರೆ ಸಾಕು ಅಂದ್ರೆ ಆಗುತ್ತಾ? ಆದ್ರೆ ಅವನೇ ಒಪ್ಕೊಂಡ ಅಂತ ಕಾಗದದಲ್ಲಿದೆಯಂತೆ. ಅವನ ಮಾತನ್ನ ಕಿವಿಯಾರೆ ಕೇಳಿದೋರು ನೀವೊಬ್ರೇ. ಬೆಂಕಿ ಹಚ್ಚಿದೆ ಅಂದ್ನಾ? ನೀವು ಹೇಳಿದ್ರೆ ನಂಬ್ತೀನಿ.'

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂಬುದು ದುಭಾಷಿಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಇಪ್ಪತ್ತೆರಡು ವರ್ಷದ ಕೆಲಸ, ಬೀದಿಯಲ್ಲಿ ಓಡಾಡುವ ಮುಖ, ಬಾಮೈದನ ಹೊಲಿಗೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು.

'ಹಾಗೇ ಅಂದಮ್ಮಾ' ಎಂದ.

ಆಕೆ ಲೋಟದೊಳಗೆ ನೋಡಿದಳು. 'ಸರಿ ಹಾಗಾದ್ರೆ. ನಾನೇ ಮೋಸ ಹೋದೆ. ನಮ್ಮವರು ಹೇಳಿದ್ದೇ ಸರಿ' ಎಂದಳು. ಲೋಟ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಎರಡು ತಿಂಗಳು ಇಡೀ ಬೀದಿ ಕೂಡಿ ಅಲುಗಾಡಿಸಲಾಗದ ನಂಬಿಕೆಯನ್ನು ಎರಡು ಪದದಲ್ಲಿ ಮುರಿದು ಕೈಗೆ ಕೊಟ್ಟಿದ್ದ ನಮ್ಮ ದುಭಾಷಿ. ಇಡೀ ದೇಶದಲ್ಲಿ ಎರಡೂ ಕಡೆಯ ಜನ ಇನ್ನೂ ಒಟ್ಟಿಗೆ ಬಾಳಬಹುದು ಎಂದು ತೋರಿಸುವಂಥವಳು ಒಬ್ಬಳಿದ್ದರೆ ಅವಳು ಈಕೆ; ಅವಳನ್ನೂ ಅವನು ಉಳಿಸಲಿಲ್ಲ. ನಾಚಿಕೆಯಿಂದ ಅವನ ಕಿವಿ ಕಾದುಹೋಯಿತು. 'ಯಾಕ್ರೀ ಮುಖ ಹಾಗಾಯ್ತು?' ಎಂದು ಹೆಂಡತಿ ಕೇಳಿದ್ದಕ್ಕೆ ಬಿಸಿಲು ಎಂದ.

ವಿಚಾರಣೆಯ ದಿನ ಕೋರ್ಟ್ ಹಾಲ್ ಕಿಕ್ಕಿರಿದಿತ್ತು. ಎಡಗಡೆಯ ಬೆಂಚುಗಳಲ್ಲಿ ಈಚೆಯವರು, ಬಲಗಡೆ ಆಚೆಯವರು. ನಡುವೆ ಓಡಾಡುವ ಜಾಗದಲ್ಲಿ ಇಬ್ಬರು ಪೊಲೀಸರು. ಬಾಮೈದ ಎಡಗಡೆ ಮೊದಲ ಸಾಲಿನಲ್ಲೇ ಕೂತು ಭಾವನಿಗೆ ಕಣ್ಣು ಮಿಟುಕಿಸಿದ. ಬಣ್ಣದವನು ಅರ್ಧಕ್ಕರ್ಧ ಇಳಿದುಹೋಗಿದ್ದ. ಕತ್ತಿನ ಬಳಿ ಅಂಗಿ ದೊಗಳೆಯಾಗಿತ್ತು. ಬೆರಳುಗಳು ಈಗ ಸ್ವಚ್ಛವಾಗಿದ್ದವು.

ಬಟನ್ ಅಂಗಡಿಯಾಕೆ ಸಾಕ್ಷಿ ಕಟಕಟೆ ಹತ್ತಿದಾಗ ಅವನು ಆಕೆಯನ್ನು ಗುರುತಿಸಿದ. ಎರಡು ತಿಂಗಳಲ್ಲಿ ಮೊದಲ ಸಲ ಪರಿಚಯದ ಮುಖ ಕಂಡವನ ಹಾಗೆ ನಕ್ಕು, ಎರಡೂ ಕೈ ಎತ್ತಿ ಮುಗಿದ. ಆಕೆ ಮುಖ ತಿರುಗಿಸಿಕೊಂಡಳು.

ಸರ್ಕಾರಿ ವಕೀಲರು ಕೇಳಿದರು: 'ಆರೋಪಿ ನಿಮಗೆ ಗೊತ್ತಾ?'

'ಗೊತ್ತು ಸ್ವಾಮಿ. ನಾನೇ ಕೆಲಸಕ್ಕೆ ಕರೆದಿದ್ದೆ. ಒಳ್ಳೆಯೋನು ಅಂದ್ಕೊಂಡಿದ್ದೆ.' ಆಕೆಯ ದನಿ ಸಣ್ಣದಾಯಿತು. 'ಹಾಗೆ ಅಂದ್ಕೊಂಡಿದ್ದಕ್ಕೆ ಎಲ್ಲರ ಕ್ಷಮೆ ಕೇಳ್ತೀನಿ. ದುಭಾಷಿ ಅಣ್ಣಾನೇ ಹೇಳಿದ ಮೇಲೆ ನನ್ನದೇನಿದೆ.'

ಒಬ್ಬ ಮನುಷ್ಯನನ್ನು ಒಳ್ಳೆಯವನೆಂದು ತಿಳಿದದ್ದಕ್ಕೆ ಆಕೆ ಕೋರ್ಟಿನಲ್ಲಿ ಕ್ಷಮೆ ಕೇಳುತ್ತಿದ್ದಳು. ದುಭಾಷಿಗೆ ನಿಂತಲ್ಲೇ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಬಣ್ಣದವನಿಗೆ ಇದೊಂದೂ ಅರ್ಥವಾಗಿರಲಿಲ್ಲ. ಅವನು ದುಭಾಷಿಯ ಕಡೆ ಬಗ್ಗಿ, ಮೆಲ್ಲಗೆ ತನ್ನ ಭಾಷೆಯಲ್ಲಿ ಕೇಳಿದ: 'ಸಾರ್, ಅಮ್ಮ ಯಾಕೆ ಮುಖ ತಿರುಗಿಸಿದ್ರು? ಸರಿಯಾಗಿ ಹಚ್ಚಿಲ್ವಂತಾ?'

'ಏನಂತೆ ಅವನದು?' ಎಂದರು ನ್ಯಾಯಾಧೀಶರು.

ದುಭಾಷಿ, ತನ್ನ ಬದಲು ಬೇರೆ ಯಾರಾದರೂ ಆ ಮಾತನ್ನು ಈಚೆಗೆ ದಾಟಿಸುವಂತಿದ್ದರೆ ಏನು ಕೊಡಲೂ ತಯಾರಿದ್ದ. ಯಾರೂ ಇರಲಿಲ್ಲ, ಅಷ್ಟು ವರ್ಷ ಅದೇ ಅವನ ಹೆಮ್ಮೆಯಾಗಿತ್ತು.

'ಬಣ್ಣ ಸರಿಯಾಗಿ ಹಚ್ಚಿಲ್ಲ ಅಂತ ಅಮ್ಮನಿಗೆ ಸಿಟ್ಟಾ ಅಂತ ಕೇಳ್ತಾನೆ, ಸ್ವಾಮಿ.'

ಟೈಪಿಸ್ಟ್ ತಲೆ ಎತ್ತಿದಳು.

'ಬಣ್ಣ?' ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಹಳೆಯ ಹೇಳಿಕೆಯನ್ನು ತೆಗೆದರು. 'ಇಲ್ಲಿ ಬೆಂಕಿ ಅಂತ ಇದೆಯಲ್ಲ.'

'ಇದೆ ಸ್ವಾಮಿ. ಆ ಪದ ಅವನದಲ್ಲ, ನನ್ನದು. ಅವನು ಹಚ್ಚಿದೆ ಅಂದಿದ್ದ. ಬೆಂಕಿ ಅಂತ ಸೇರಿಸಿದೋನು ನಾನು. ಓದಿ ಹೇಳೋವಾಗ ಅದನ್ನ ಬಿಟ್ಟು ಓದಿ ಸಹಿ ಹಾಕಿಸಿದೋನೂ ನಾನೇ.' ಬಟನ್ ಅಂಗಡಿಯಾಕೆಯ ಕಡೆ ತಿರುಗಿದ, ಆದರೆ ಮುಖ ನೋಡಲಾಗಲಿಲ್ಲ. 'ಭಾನುವಾರ ನಿಮಗೂ ಸುಳ್ಳು ಹೇಳ್ದೆ, ತಾಯಿ.'

ಎಡಗಡೆಯ ಬೆಂಚುಗಳಿಂದ ಕೂಗು ಎದ್ದಿತು. 'ಎರಡ್ನಾಲಿಗೆ!' ಎಂದು ಯಾರೋ ಕಿರುಚಿದರು. ಈ ಸಲ ಅದರಲ್ಲಿ ಪ್ರೀತಿ ಇರಲಿಲ್ಲ. ಬಾಮೈದ ಎದ್ದು, ಬೆಂಚುಗಳನ್ನು ಎಡವುತ್ತಾ ಹೊರಗೆ ಹೋದ. ಬಲಗಡೆಯವರಿಗೆ ಏನಾಗುತ್ತಿದೆ ಎಂದು ತಿಳಿಯದೆ ಅವರೂ ಎದ್ದು ನಿಂತರು. ನ್ಯಾಯಾಧೀಶರು ಮೇಜು ಬಡಿದು ಬಡಿದು ಎಲ್ಲರನ್ನೂ ಕೂರಿಸಿದರು. ಆಮೇಲೆ ದುಭಾಷಿಯನ್ನು ಒಂದು ಗಳಿಗೆ ದಿಟ್ಟಿಸಿದರು.

'ನಿಮ್ಮ ವಿಚಾರ ಆಮೇಲೆ ನೋಡ್ತೀನಿ. ಅದು ಸಣ್ಣದಲ್ಲ, ನೆನಪಿರಲಿ. ಮೊದಲು ಈಗ ಹೇಳಿದ್ದನ್ನೆಲ್ಲ ಆರೋಪಿಗೆ ಅವನ ಭಾಷೇಲಿ ಹೇಳಿ. ಒಂದು ಪದಾನೂ ಬಿಡಬಾರದು.'

ಇಷ್ಟು ವರ್ಷ ಬೇರೆಯವರ ತಪ್ಪೊಪ್ಪಿಗೆಗಳನ್ನು ದಾಟಿಸಿದ ದುಭಾಷಿ ಅಂದು ತನ್ನದನ್ನು ದಾಟಿಸಿದ. ಬೈಗುಳದಿಂದ ಹಿಡಿದು ಕಾನೂನಿನವರೆಗೆ ಎಲ್ಲ ಪದ ಬಲ್ಲವನಿಗೆ 'ನಾನು ಸುಳ್ಳು ಹೇಳಿದೆ' ಎಂಬ ಮೂರು ಪದಕ್ಕೆ ಬೆವರಿಳಿಯಿತು. ಹೇಳಿ ಮುಗಿಸುವಷ್ಟರಲ್ಲಿ ಬಲಗಡೆಯ ಬೆಂಚಿನಲ್ಲಿ ಒಬ್ಬ ಮುದುಕಿ ಗೊಳೋ ಎಂದು ಅಳತೊಡಗಿದ್ದಳು. ಬಣ್ಣದವನ ತಾಯಿ ಇರಬೇಕು.

ಬಣ್ಣದವನು ಅಳಲಿಲ್ಲ. ಕಂಬಿ ಹಿಡಿದು ನಿಂತಿದ್ದ.

ಅಷ್ಟರಲ್ಲಿ ಬಟನ್ ಅಂಗಡಿಯಾಕೆ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಕಟಕಟೆಯಿಂದ ಇಳಿದು ಅವನ ಎದುರು ಹೋಗಿ ನಿಂತಳು. ಆಚೆಯ ಗಿರಾಕಿಗಳಿಗೆ ಬಟನ್ ಮಾರಿ ಮಾರಿ ಆಕೆಗೆ ಅವರ ಭಾಷೆಯಲ್ಲಿ ಬಣ್ಣಗಳ ಹೆಸರು ಬರುತ್ತಿತ್ತು. ಅದು ಬಿಟ್ಟರೆ ಇನ್ನೊಂದು ಮಾತು ಬರುತ್ತಿರಲಿಲ್ಲ. 'ಹಸಿರು?' ಎಂದಳು ಅವರ ಭಾಷೆಯಲ್ಲಿ, ತಪ್ಪು ಉಚ್ಚಾರದಲ್ಲಿ.

'ಹಸಿರು, ಹಸಿರು!' ಎಂದ ಅವನು. ಬಾಗಿಲಿನ ಉದ್ದಗಲವನ್ನು ಗಾಳಿಯಲ್ಲಿ ಬರೆದು, ಕೈಯನ್ನು ಮೇಲಿನಿಂದ ಕೆಳಕ್ಕೆ ಆಡಿಸಿ ತೋರಿಸಿದ. ಆಕೆ ಹಣೆ ಚಚ್ಚಿಕೊಂಡಳು. ಕಂಬಿಯ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡು, ತನ್ನ ಭಾಷೆಯಲ್ಲೇ, 'ಹೊಸ ಬಾಗಿಲು ಇಡಿಸಿದೀನಿ ಕಣಪ್ಪಾ, ನೀನೇ ಬಂದು ಬಳೀಬೇಕು' ಎಂದಳು. ಅವನು ತಲೆಯಾಡಿಸಿದ. ಏನು ಅರ್ಥವಾಯಿತೋ, ಆದರೆ ಅರ್ಥವಾಯಿತು. ಅವರಿಬ್ಬರ ನಡುವೆ ದುಭಾಷಿಯ ಅಗತ್ಯ ಬೀಳಲಿಲ್ಲ. ಎರಡೂ ಕಡೆಯ ಬೆಂಚುಗಳವರು ಕತ್ತು ಉದ್ದ ಮಾಡಿ ಅದನ್ನೇ ನೋಡುತ್ತಿದ್ದರು. ಇಂಥದ್ದು ಆಗುತ್ತದೆ ಎಂದು ಯಾವ ಕಡೆಯವರೂ ಎಣಿಸಿರಲಿಲ್ಲ. ದುಭಾಷಿಯ ಎದೆ ಒಂದು ಕ್ಷಣ ಹಗುರಾಯಿತು. ಮರುಕ್ಷಣವೇ, ಇದನ್ನು ಇಷ್ಟು ದಿನ ತಡೆದು ನಿಲ್ಲಿಸಿದವನು ತಾನು ಎಂಬುದು ನೆನಪಾಗಿ ಮತ್ತೆ ಕುಗ್ಗಿದ.

ಆಮೇಲೆ ಬಣ್ಣದವನು ಅವನತ್ತ ತಿರುಗಿದ. 'ಮೊದಲ ದಿನ ನಿಮ್ಮ ಬಾಯಲ್ಲಿ ನಮ್ಮ ಮಾತು ಕೇಳಿ ಜೀವ ಬಂದಂಗಾಯ್ತು ಸಾರ್. ನಮ್ಮವರು ಅಂತ.'

ಅಷ್ಟೇ ಹೇಳಿ ನಿಲ್ಲಿಸಿದ.

'ಏನಂತಾನೆ?' ನ್ಯಾಯಾಧೀಶರು ಕೇಳಿದರು. ಟೈಪಿಸ್ಟ್ ಬೆರಳು ಎತ್ತಿ ಹಿಡಿದು ಕಾಯುತ್ತಿದ್ದಳು.

ದುಭಾಷಿ ಎಂದಿನಂತೆ ತಾನೇ ತುಂಬಲು ಹೋಗಿ ತಡೆದ. 'ಒಂದು ನಿಮಿಷ ಸ್ವಾಮಿ. ಅವನನ್ನೇ ಕೇಳಿ ಹೇಳ್ತೀನಿ' ಎಂದ. ಇಷ್ಟು ವರ್ಷದಲ್ಲಿ ಆ ಹಾಲಿನಲ್ಲಿ ಅವನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಬಣ್ಣದವನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಮಗು ಕೇಳುವ ಹಾಗೆ ಕೇಳಿದ: 'ನಮ್ಮವರು ಅಂತ ಆಗ ಅಂದುಕೊಂಡಿದ್ದಿರಾ? ಈಗಲೂ ಅಂದುಕೊಂಡಿದ್ದೀರಾ?'

ಬಟನ್ ಅಂಗಡಿಯಾಕೆ ಇನ್ನೂ ಬಣ್ಣದವನ ಕೈ ಬಿಟ್ಟಿರಲಿಲ್ಲ.

'ಅಂದುಕೊಂಡಿದ್ದೆ' ಎಂದ. ಆಮೇಲೆ ಸೇರಿಸಿದ, 'ಇನ್ನು ಮೇಲಿನದು, ನೋಡೋಣ.'

ದುಭಾಷಿ ನ್ಯಾಯಾಧೀಶರ ಕಡೆ ತಿರುಗಿದ. ಕಣ್ಣು ಮಂಜಾಗಿ ಅವರ ಮುಖ ಸರಿಯಾಗಿ ಕಾಣಲಿಲ್ಲ.

'ನನ್ನನ್ನ ಅವರವನು ಅಂದುಕೊಂಡಿದ್ದರಂತೆ, ಸ್ವಾಮಿ. ಇನ್ನು ಮೇಲೆ ನೋಡೋಣ ಅಂತಾರೆ.'